ಹಳೆಯ ಕಾರು, ಹೊಸ ಪೆಟ್ರೋಲ್
ವಿಂಟೇಜ್ ವಾಹನ ಪ್ರವಾಸದ ಅವಕಾಶಗಳು ಮತ್ತು ಇಂಧನದ ಸಮಸ್ಯೆ

ಐವತ್ತು ವರ್ಷ ದಾಟಿದ ಕಾರೊಂದು ಊರಿನ ಬೀದಿಯಲ್ಲಿ ಬಂದು ನಿಂತರೆ ಜನ ತಾವಾಗಿಯೇ ಸೇರುತ್ತಾರೆ. ಅಂತಹ ಇಪ್ಪತ್ತು ಮೂವತ್ತು ಕಾರುಗಳು ಒಟ್ಟಾಗಿ ಪ್ರವಾಸ ಹೊರಟರೆ ದಾರಿಯುದ್ದಕ್ಕೂ ವಸತಿಗೃಹ, ಉಪಾಹಾರ ಗೃಹ, ಕರಕುಶಲ ವಸ್ತುಗಳ ಮಳಿಗೆ, ಗ್ಯಾರೇಜು ಹಾಗೂ ಪೆಟ್ರೋಲ್ ಬಂಕ್‌ಗಳಿಗೆ ವ್ಯಾಪಾರ ದೊರೆಯುತ್ತದೆ. ಪ್ರವಾಸದ ಕೊನೆಗೆ ಒಂದು ವಾಹನ ವಸ್ತುಸಂಗ್ರಹಾಲಯವಿದ್ದರೆ ಆ ಊರಿಗೆ ವರ್ಷವಿಡೀ ಬರುವ ಸಂದರ್ಶಕರ ಸಂಖ್ಯೆಯೂ ಹೆಚ್ಚುತ್ತದೆ. ಯುರೋಪಿನ ಹಲವು ಪಟ್ಟಣಗಳು ಈ ಸರಳ ಸತ್ಯವನ್ನು ಅರ್ಧ ಶತಮಾನಕ್ಕೂ ಮೊದಲೇ ಅರಿತಿದ್ದವು. ಭಾರತದಲ್ಲಿಯೂ, ವಿಶೇಷವಾಗಿ ಕರ್ನಾಟಕದಲ್ಲಿ, ಇದಕ್ಕೆ ಬೇಕಾದ ಬಹುತೇಕ ಅನುಕೂಲಗಳು ಇಂದು ಸಿದ್ಧವಾಗಿವೆ.

ಆದರೆ ಈ ವಹಿವಾಟೆಲ್ಲ ನಿಂತಿರುವುದು ಕಾರು ಓಡುತ್ತದೆ ಎಂಬ ನಂಬಿಕೆಯ ಮೇಲೆ. ಕಳೆದ ಕೆಲವು ವರ್ಷಗಳಲ್ಲಿ ಬಂಕ್‌ಗಳಲ್ಲಿ ದೊರೆಯುವ ಪೆಟ್ರೋಲಿನ ಸ್ವರೂಪವೇ ಬದಲಾಗಿದೆ. ಹೊಸ ಕಾರುಗಳು ಈ ಬದಲಾವಣೆಯನ್ನು ತಾಳಿಕೊಳ್ಳುವಂತೆ ತಯಾರಾಗುತ್ತಿವೆ. ಹಳೆಯ ಕಾರುಗಳು ಹಾಗೆ ತಯಾರಾದವುಗಳಲ್ಲ. ಆದ್ದರಿಂದ ಮಾಲೀಕರು, ಗ್ಯಾರೇಜು ನಡೆಸುವವರು, ಪ್ರವಾಸ ಸಂಘಟಕರು ಮತ್ತು ಸಂಗ್ರಹಾಲಯಗಳ ನಿರ್ವಾಹಕರು ಇಂಧನದ ಈ ಸಮಸ್ಯೆಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಅಗತ್ಯವಾಗಿದೆ. ಸಮಸ್ಯೆ ನಿಜವಾದದ್ದು, ಆದರೆ ಅದಕ್ಕೆ ಪರಿಹಾರವಿದೆ, ಮತ್ತು ಆ ಪರಿಹಾರವೇ ಒಂದು ಉದ್ಯೋಗಾವಕಾಶವೂ ಆಗಿದೆ.

ಯಾವುದು ವಿಂಟೇಜ್?

ಹಳೆಯ ವಾಹನಗಳ ವರ್ಗೀಕರಣ ದೇಶದಿಂದ ದೇಶಕ್ಕೆ ಭಿನ್ನವಾಗಿದೆ. ಬ್ರಿಟನ್ನಿನ ರೂಢಿಯಲ್ಲಿ 1919ರಿಂದ 1930ರವರೆಗೆ ತಯಾರಾದ ಕಾರುಗಳನ್ನು ಮಾತ್ರ ವಿಂಟೇಜ್ ಎನ್ನುತ್ತಾರೆ. 1966ರಲ್ಲಿ ಸ್ಥಾಪನೆಯಾದ ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ ಮೂವತ್ತು ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿ ಕಾಪಾಡಿಕೊಂಡು ಬಂದ, ದಿನನಿತ್ಯದ ಸಾರಿಗೆಗೆ ಬಳಸದ ವಾಹನವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ.

ಭಾರತದಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮಗಳು ಈ ವಿಷಯದಲ್ಲಿ ಮೊದಲ ಬಾರಿಗೆ ಸ್ಪಷ್ಟತೆ ತಂದವು. ಅವುಗಳ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲ ರೂಪವನ್ನು ಉಳಿಸಿಕೊಂಡ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂಪಾಯಿ. ನೋಂದಣಿಯ ಅವಧಿ ಹತ್ತು ವರ್ಷ. ನವೀಕರಣಕ್ಕೆ 5,000 ರೂಪಾಯಿ. ಇಂತಹ ವಾಹನದ ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುತ್ತವೆ.

ಉದ್ಯಮಿಗಳು ಗಮನಿಸಬೇಕಾದ ಮುಖ್ಯ ಅಂಶವೊಂದು ಇದೇ ನಿಯಮಗಳಲ್ಲಿದೆ. ಹೀಗೆ ನೋಂದಾಯಿತವಾದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿ, ಇವುಗಳಿಗೆ ಮಾತ್ರ ಅವಕಾಶವಿದೆ. ಅಂದರೆ ಹೋಟೆಲೊಂದು ಇಂತಹ ಕಾರನ್ನು ಬಾಡಿಗೆಗೆ ಓಡಿಸಿ ಸಂಪಾದಿಸುವಂತಿಲ್ಲ. ಸಂಪಾದನೆಯೇನಿದ್ದರೂ ಕಾರಿನ ಸುತ್ತ ನಡೆಯುವ ಚಟುವಟಿಕೆಗಳಿಂದ ಬರಬೇಕು.

ಈ ನಿಯಮದ ಇನ್ನೊಂದು ಪರಿಣಾಮವನ್ನೂ ಗಮನಿಸಬೇಕು. ವಿಂಟೇಜ್ ಎಂದರೆ ರಾಜಮನೆತನಗಳ ರೋಲ್ಸ್ ರಾಯ್ಸ್ ಮಾತ್ರ ಎಂಬ ಕಾಲ ಮುಗಿದಿದೆ. ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಮುಂಬಯಿಯ ಪ್ರೀಮಿಯರ್ ಪದ್ಮಿನಿ, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳು ವರ್ಷದಿಂದ ವರ್ಷಕ್ಕೆ ಐವತ್ತರ ಗಡಿ ದಾಟುತ್ತಿವೆ. ಮಧ್ಯಮ ವರ್ಗದ ಮನೆಗಳ ಷೆಡ್ಡಿನಲ್ಲಿ ನಿಂತಿರುವ ಕಾರುಗಳೂ ಈಗ ಈ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಇಂಧನದ ಸಮಸ್ಯೆ ಕೆಲವೇ ಸಂಗ್ರಾಹಕರ ಖಾಸಗಿ ತೊಂದರೆಯಾಗಿ ಉಳಿದಿಲ್ಲ.

ರಸ್ತೆ ಮತ್ತು ಸಂಗ್ರಹಾಲಯ

ಹಳೆಯ ಕಾರುಗಳ ಪ್ರವಾಸಕ್ಕೆ ಜಗತ್ತಿನಲ್ಲಿ ಅತ್ಯಂತ ಹೆಸರಾದ ಉದಾಹರಣೆ ಲಂಡನ್ನಿನಿಂದ ಬ್ರೈಟನ್ನಿಗೆ ನಡೆಯುವ ಓಟ. ಬ್ರಿಟನ್ನಿನಲ್ಲಿ ಮೋಟಾರು ವಾಹನಗಳ ಮೇಲಿದ್ದ ಬಿಗಿಯಾದ ವೇಗಮಿತಿ ಸಡಿಲಗೊಂಡ ಸಂತೋಷಕ್ಕೆ 1896ರ ನವೆಂಬರ್ 14ರಂದು ನಡೆದ ಯಾತ್ರೆಯ ನೆನಪಿಗಾಗಿ 1927ರಲ್ಲಿ ಇದನ್ನು ಪುನಃ ಆರಂಭಿಸಲಾಯಿತು. 1905ಕ್ಕೆ ಮೊದಲು ತಯಾರಾದ ವಾಹನಗಳಿಗೆ ಮಾತ್ರ ಪ್ರವೇಶ. ದೂರ ಸುಮಾರು 96 ಕಿ.ಮೀ. ಇಲ್ಲಿ ಮೊದಲು ತಲುಪಿದವರಿಗೆ ಬಹುಮಾನವಿಲ್ಲ. ತಲುಪುವುದೇ ಸಾಧನೆ.

ಇಟಲಿಯ ಬ್ರೆಷಾ ನಗರದ ಕಥೆ ವರ್ತಕರಿಗೆ ಇನ್ನೂ ಹತ್ತಿರವಾದುದು. ಅಲ್ಲಿಂದ ರೋಮ್‌ಗೆ ಹೋಗಿ ಹಿಂದಿರುಗುವ ಸುಮಾರು 1,600 ಕಿ.ಮೀ.ಗಳ ‘ಮಿಲ್ಲೆ ಮಿಲ್ಯ’ ಸ್ಪರ್ಧೆ 1927ರಿಂದ 1957ರವರೆಗೆ ನಡೆದು, ಪ್ರಾಣಹಾನಿಯ ಕಾರಣದಿಂದ ನಿಂತುಹೋಯಿತು. 1977ರಲ್ಲಿ ಅದನ್ನು ಹಳೆಯ ಕಾರುಗಳ ಪ್ರವಾಸವಾಗಿ ಮರಳಿ ತರಲಾಯಿತು. 2004ರಲ್ಲಿ ಅದೇ ನಗರದ ಪುರಾತನ ಮಠವೊಂದರ ಕಟ್ಟಡದಲ್ಲಿ ಈ ಸ್ಪರ್ಧೆಗೇ ಮೀಸಲಾದ ಸಂಗ್ರಹಾಲಯ ತೆರೆಯಿತು. ಇಂಗ್ಲೆಂಡಿನ ಬ್ಯೂಲಿ ಎಂಬ ಸಣ್ಣ ಊರಿನಲ್ಲಿ 1952ರಲ್ಲಿ ಕೇವಲ ಐದು ಕಾರುಗಳ ಪ್ರದರ್ಶನದಿಂದ ಆರಂಭವಾದದ್ದು ಇಂದು ಆ ದೇಶದ ರಾಷ್ಟ್ರೀಯ ಮೋಟಾರು ಸಂಗ್ರಹಾಲಯವಾಗಿದೆ. 1967ರಿಂದ ಅಲ್ಲಿ ನಡೆಯುತ್ತಿರುವ ಹಳೆಯ ಬಿಡಿಭಾಗಗಳ ಸಂತೆಗೆ ಹಲವು ದೇಶಗಳ ವ್ಯಾಪಾರಿಗಳು ಬರುತ್ತಾರೆ. ರಸ್ತೆಯ ಮೇಲಿನ ಓಟ ಸಂಗ್ರಹಾಲಯಕ್ಕೆ ಜನರನ್ನು ಕರೆತರುತ್ತದೆ. ಸಂಗ್ರಹಾಲಯ ಓಟಕ್ಕೆ ಅರ್ಥ ಕೊಡುತ್ತದೆ.

ಭಾರತದಲ್ಲಿ ದೆಹಲಿಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ವಿಂಟೇಜ್ ಕಾರು ರ‍್ಯಾಲಿ 1964ರಲ್ಲಿ ಆರಂಭವಾಯಿತು. ಗುರುಗ್ರಾಮದ ಸಮೀಪದ ತಾವಡೂವಿನಲ್ಲಿ 2013ರಲ್ಲಿ ಸಾರಿಗೆ ಪರಂಪರೆಯ ಸಂಗ್ರಹಾಲಯ ತೆರೆಯಿತು. ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಅವರ ಪರಂಪರೆಯ ‘ಜೀಡೀ’ ಕಾರು ಸಂಗ್ರಹಾಲಯ 2015ರಿಂದ ಸಾರ್ವಜನಿಕರಿಗೆ ತೆರೆದಿದೆ. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳು ಬಹುಕಾಲದಿಂದ ಯಾತ್ರಿಕರ ಗಮನ ಸೆಳೆದಿವೆ. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವನ್ನು ಆಧರಿಸಿ ಬೆಂಗಳೂರು–ಮೈಸೂರು ಮಾರ್ಗದಲ್ಲಿ, ಶ್ರೀರಂಗಪಟ್ಟಣದ ಸಮೀಪ ‘ಪಯಣ’ ಕಾರು ಸಂಗ್ರಹಾಲಯ 2023ರಲ್ಲಿ ಆರಂಭವಾಗಿದೆ. ಬೆಂಗಳೂರಿನ ಕಾರು ಮಾಲೀಕರಿಗೆ ಒಂದು ದಿನದ ಪ್ರವಾಸಕ್ಕೆ ಇದಕ್ಕಿಂತ ಅನುಕೂಲವಾದ ಗುರಿ ಇನ್ನೊಂದಿಲ್ಲ.

ಪೆಟ್ರೋಲ್ ಬದಲಾದ ಬಗೆ

ಹಳೆಯ ಕಾರುಗಳು ತಮ್ಮ ಜೀವಿತಕಾಲದಲ್ಲಿ ಇಂಧನದ ಎರಡು ದೊಡ್ಡ ಬದಲಾವಣೆಗಳನ್ನು ಕಂಡಿವೆ. ಮೊದಲನೆಯದು ಸೀಸದ ನಿರ್ಗಮನ. 1923ರಲ್ಲಿ ಅಮೆರಿಕದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂದಿತು. ಅದು ಎಂಜಿನ್ ಬಡಿತವನ್ನು ತಡೆಯುವುದರ ಜೊತೆಗೆ ವಾಲ್ವ್ ಸೀಟುಗಳಿಗೆ ತೆಳುವಾದ ರಕ್ಷಾಕವಚವನ್ನೂ ಒದಗಿಸುತ್ತಿತ್ತು. ಆರೋಗ್ಯದ ಕಾರಣದಿಂದ ಭಾರತದಾದ್ಯಂತ 2000ದ ಫೆಬ್ರವರಿ 1ರಿಂದ ಸೀಸಯುಕ್ತ ಪೆಟ್ರೋಲನ್ನು ನಿಲ್ಲಿಸಲಾಯಿತು. ಇದರಿಂದ ಎರಕದ ಕಬ್ಬಿಣದ ಸೀಟುಗಳಿರುವ ಎಂಜಿನ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ನಿಧಾನವಾಗಿ ಒಳಕ್ಕೆ ಸವೆಯುವ ಸಾಧ್ಯತೆ ಉಂಟಾಯಿತು. ಆದರೆ ವರ್ಷಕ್ಕೆ ಕೆಲವೇ ನೂರು ಕಿ.ಮೀ. ನಿಧಾನವಾಗಿ ಓಡುವ ಕಾರಿನಲ್ಲಿ ಈ ಸವೆತ ಅತ್ಯಲ್ಪ. ಸಿಲಿಂಡರ್ ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಲೋಹದ ಸೀಟುಗಳನ್ನು ಕೂಡಿಸಿದರೆ ಸಮಸ್ಯೆ ಶಾಶ್ವತವಾಗಿ ತೀರುತ್ತದೆ. 1923ಕ್ಕೂ ಹಿಂದಿನ ಕಾರುಗಳಂತೂ ಸೀಸವಿಲ್ಲದ ಪೆಟ್ರೋಲಿಗಾಗಿಯೇ ಹುಟ್ಟಿದವು.

ಎರಡನೆಯದು ಎಥೆನಾಲ್ ಮಿಶ್ರಣ. ಈ ಚಿಂತನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಪೆಟ್ರೋಲಿಗೆ ಮದ್ಯಸಾರ ಬೆರೆಸಲು ಅವಕಾಶ ನೀಡುವ ಇಂಡಿಯನ್ ಪವರ್ ಆಲ್ಕೊಹಾಲ್ ಕಾಯಿದೆ 1948ರಲ್ಲಿಯೇ ಬಂದಿತ್ತು. 2000ದಲ್ಲಿ ಅದನ್ನು ರದ್ದುಪಡಿಸಲಾಯಿತು. ಈಗಿನ ಕಾರ್ಯಕ್ರಮ 2003ರಲ್ಲಿ ಆಯ್ದ ರಾಜ್ಯಗಳಲ್ಲಿ ಶೇ 5ರ ಮಿಶ್ರಣದೊಂದಿಗೆ ಆರಂಭವಾಯಿತು. 2022ರ ಜೂನ್‌ನಲ್ಲಿ ದೇಶದ ಸರಾಸರಿ ಶೇ 10 ತಲುಪಿತು. ಶೇ 20 ಎಥೆನಾಲ್ ಇರುವ ‘ಇ-20’ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ, ಭಾರತ ಇಂಧನ ಸಪ್ತಾಹದ ಸಂದರ್ಭದಲ್ಲಿ, ಪ್ರಧಾನಿಯವರು ಚಾಲನೆ ನೀಡಿದರು. ಅಂದು 84 ಬಂಕ್‌ಗಳಿಗೆ ಸೀಮಿತವಾಗಿದ್ದ ಇ-20, 2025ರ ವೇಳೆಗೆ ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ಮೊದಲು 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮುಂಚಿತವಾಗಿಯೇ ಈಡೇರಿತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯನ್ನೂ ಕೊಡಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಎಂಜಿನ್‌ನಲ್ಲಿ ಏನಾಗುತ್ತದೆ?

ಎಥೆನಾಲ್‌ನಿಂದ ಹಳೆಯ ಕಾರಿಗೆ ಆಗುವ ತೊಂದರೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಮಿಶ್ರಣ ತೆಳುವಾಗುವುದು. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊಂದಿರುವುದರಿಂದ ಅದಕ್ಕೆ 9 ಕಿಲೋ ಗಾಳಿ ಸಾಕು. ಇ-20 ಇಂಧನಕ್ಕೆ ಈ ಪ್ರಮಾಣ ಸುಮಾರು 13.5. ಇಂದಿನ ಕಾರಿನಲ್ಲಿ ಕಂಪ್ಯೂಟರ್ ಇದನ್ನು ಗುರುತಿಸಿ ಇಂಧನವನ್ನು ಹೆಚ್ಚಿಸುತ್ತದೆ. ಹಳೆಯ ಕಾರಿನ ಕಾರ್ಬ್ಯುರೇಟರ್‌ಗೆ ಅಂತಹ ತಿಳಿವಳಿಕೆ ಇಲ್ಲ. ಜೆಟ್ಟಿನ ತೂತು ಎಷ್ಟು ಬಿಡುತ್ತದೆಯೋ ಅಷ್ಟೇ. ಪರಿಣಾಮವಾಗಿ ಎಂಜಿನ್‌ಗೆ ಅಗತ್ಯಕ್ಕಿಂತ ಶೇ 8ರಿಂದ 9ರಷ್ಟು ಹೆಚ್ಚು ಗಾಳಿ ಸೇರಿದಂತಾಗುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ತಡ, ಆಕ್ಸಿಲರೇಟರ್ ಒತ್ತಿದಾಗ ಎಳೆತ ಕುಂದುವುದು, ಕಾರ್ಬ್ಯುರೇಟರ್‌ನಲ್ಲಿ ‘ಪಟ್’ ಎಂಬ ಸದ್ದು, ಏರುದಾರಿಯಲ್ಲಿ ಎಂಜಿನ್ ಬಿಸಿಯಾಗುವುದು, ಇವು ಇದರ ಲಕ್ಷಣಗಳು. ಜೊತೆಗೆ ಇ-20ರಲ್ಲಿ ಲೀಟರಿಗೆ ದೊರೆಯುವ ಶಕ್ತಿ ಶೇ 6ರಿಂದ 7ರಷ್ಟು ಕಡಿಮೆ. 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ, ಎಥೆನಾಲ್ ರಹಿತ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳ ಮೈಲೇಜು ಇಷ್ಟೇ ಪ್ರಮಾಣದಲ್ಲಿ ಇಳಿಯಬಹುದೆಂಬ ಅಂದಾಜಿದೆ.

ಎರಡನೆಯದು, ನೀರು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅರ್ಧ ಖಾಲಿಯಾದ ಟ್ಯಾಂಕು ಹಗಲು ಬಿಸಿಯಾಗಿ ಗಾಳಿಯನ್ನು ಹೊರಬಿಡುತ್ತದೆ, ರಾತ್ರಿ ತಣಿದು ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಹೀಗೆ ಸೇರಿದ ನೀರು ಒಂದು ಮಿತಿ ದಾಟಿದಾಗ ಎಥೆನಾಲನ್ನೂ ತನ್ನೊಂದಿಗೆ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಇಂಧನದ ಪೈಪು ಹೊರಡುವುದೂ ಬಹುತೇಕ ತಳದಿಂದಲೇ. ಆಗ ಎಂಜಿನ್‌ಗೆ ಹೋಗುವುದು ಪೆಟ್ರೋಲಲ್ಲ, ನೀರು ಬೆರೆತ ಮದ್ಯಸಾರ. ಅದು ಟ್ಯಾಂಕಿನ ತಳವನ್ನೂ ತುಕ್ಕು ಹಿಡಿಸುತ್ತದೆ.

ಮೂರನೆಯದು, ಹಳೆಯ ಸಾಮಗ್ರಿಗಳ ನಾಶ. ಅಂದಿನ ಕಾರುಗಳಲ್ಲಿ ಬಳಸಿದ ನೈಸರ್ಗಿಕ ರಬ್ಬರಿನ ಕೊಳವೆ, ಪಂಪಿನ ಡಯಾಫ್ರಾಮ್, ಅರಗಿನ ಲೇಪವಿರುವ ಕಾರ್ಕ್ ಫ್ಲೋಟ್, ಕಾರ್ಕ್ ವಾಷರ್‌ಗಳು ಎಥೆನಾಲ್‌ನಲ್ಲಿ ಉಬ್ಬುತ್ತವೆ, ಮೆತ್ತಗಾಗುತ್ತವೆ ಅಥವಾ ಬಿರುಕು ಬಿಡುತ್ತವೆ. ಸತುವಿನ ಮಿಶ್ರಲೋಹದ ಕಾರ್ಬ್ಯುರೇಟರ್, ಹಿತ್ತಾಳೆಯ ಭಾಗಗಳು, ಸೀಸ–ತವರದ ಲೇಪವಿರುವ ಟ್ಯಾಂಕು ಹಾಗೂ ಬೆಸುಗೆಗಳು ತೇವ ಸೇರಿದ ಎಥೆನಾಲ್‌ಗೆ ಸಿಕ್ಕಿ ಸವೆಯುತ್ತವೆ. ಟ್ಯಾಂಕಿನ ಸೋರಿಕೆ ತಡೆಯಲು ಹಿಂದೆ ಬಳಿದ ಎಪಾಕ್ಸಿ ಲೇಪವೂ ಕಿತ್ತು ಬರಬಹುದು. ದಶಕಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಡ್ಡನ್ನು ಎಥೆನಾಲ್ ತೊಳೆದು ತರುವುದರಿಂದ, ಮೊದಲ ಎರಡು ಮೂರು ಸಲ ಇಂಧನ ತುಂಬಿಸಿದಾಗ ಫಿಲ್ಟರ್ ಮತ್ತು ಜೆಟ್ ಕಟ್ಟಿಕೊಳ್ಳುವುದು ಸಾಮಾನ್ಯ. ಇವುಗಳಲ್ಲಿ ಅತಿ ಅಪಾಯಕಾರಿಯಾದುದು ಕೊಳವೆಯ ಬಿರುಕು. ಬಿಸಿಯಾದ ಎಂಜಿನ್ ಮೇಲೆ ಹನಿಯುವ ಪೆಟ್ರೋಲ್ ಒಂದು ಕಾರನ್ನಷ್ಟೇ ಅಲ್ಲ, ಇಡೀ ಸಂಗ್ರಹವನ್ನೇ ಸುಡಬಲ್ಲದು.

ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ನೀಡಿದ ವಿವರಣೆಯಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ಕೆಲವು ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದೆಂದು ಹೇಳಿತು. ದಿನವೂ ಓಡುವ ಕಾರಿಗೆ ಈ ಅಳತೆ ಸರಿ. ವಿಂಟೇಜ್ ಕಾರು ಅಷ್ಟು ದೂರ ಕ್ರಮಿಸಲು ಹಲವು ದಶಕಗಳೇ ಬೇಕು. ಅದರ ಕೊಳವೆಗಳು ಹಾಳಾಗುವುದು ಓಡಿ ಅಲ್ಲ, ಇಂಧನದಲ್ಲಿ ನೆನೆದು ನಿಂತು. ಆದ್ದರಿಂದ ಇಲ್ಲಿ ಕಿಲೋಮೀಟರ್ ಲೆಕ್ಕಕ್ಕಿಂತ ಕ್ಯಾಲೆಂಡರ್ ಲೆಕ್ಕ ಮುಖ್ಯ.

ನಾಲ್ಕನೆಯದು, ಚಾಲಕರು ‘ವೇಪರ್ ಲಾಕ್’ ಎಂದು ಕರೆಯುವ ತೊಂದರೆ. ಎಥೆನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪೆಟ್ರೋಲಿನೊಂದಿಗೆ ಬೆರೆತಾಗ ಮಿಶ್ರಣದ ಹೆಚ್ಚಿನ ಭಾಗ ಅದಕ್ಕೂ ಕಡಿಮೆ ಉಷ್ಣದಲ್ಲಿಯೇ ಆವಿಯಾಗುತ್ತದೆ. ಇಂದಿನ ಕಾರುಗಳಲ್ಲಿ ಇಂಧನ ಒತ್ತಡದಲ್ಲಿ ಹರಿಯುವುದರಿಂದ ತೊಂದರೆಯಿಲ್ಲ. ಹಳೆಯ ಕಾರಿನಲ್ಲಿ ಎಂಜಿನ್‌ಗೆ ಅಂಟಿಕೊಂಡ ಪಂಪು ದೂರದ ಟ್ಯಾಂಕಿನಿಂದ ಇಂಧನವನ್ನು ಹೀರಬೇಕು. ಬಾನೆಟ್ಟಿನ ಬಿಸಿಗೆ ಪೈಪಿನೊಳಗೆ ಆವಿ ತುಂಬಿದರೆ ಪಂಪು ಆವಿಯನ್ನೇ ಹೀರುತ್ತ ನಿಲ್ಲುತ್ತದೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುವಾಗ ಹೀಗಾಗುವ ಸಂಭವ ಹೆಚ್ಚು.

ಗ್ಯಾರೇಜುಗಳಿಗೆ ದೊರೆಯುವ ಕೆಲಸ

ಈ ನಾಲ್ಕೂ ತೊಂದರೆಗಳಿಗೆ ಪರಿಹಾರವಿದೆ; ಯಾವುದಕ್ಕೂ ವಿದೇಶಿ ತಜ್ಞರು ಬೇಕಿಲ್ಲ. ಮೊದಲು ಮಾಡಬೇಕಾದುದು ಕೊಳವೆಗಳ ಬದಲಾವಣೆ. ‘ವೈಟಾನ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಫ್ಲೋರಿನ್‌ಯುಕ್ತ ರಬ್ಬರಿನ ಕೊಳವೆ, ಡಯಾಫ್ರಾಮ್ ಮತ್ತು ಸೀಲ್‌ಗಳು ಎಥೆನಾಲನ್ನು ತಾಳುತ್ತವೆ. ಕಾರ್ಕ್ ಫ್ಲೋಟ್ ಬದಲು ಹಿತ್ತಾಳೆ ಅಥವಾ ಎಥೆನಾಲ್ ತಾಳುವ ಪ್ಲಾಸ್ಟಿಕ್ ಫ್ಲೋಟ್ ಕೂಡಿಸಬಹುದು. ಟ್ಯಾಂಕು ಹಾಳಾಗಿದ್ದರೆ ಸ್ಟೇನ್‌ಲೆಸ್ ಉಕ್ಕಿನಲ್ಲಿ ಅದೇ ಆಕಾರದ ಹೊಸ ಟ್ಯಾಂಕು ಮಾಡಿಸಬಹುದು. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಗುರುತು ಹಚ್ಚಿ ಇಟ್ಟುಕೊಳ್ಳಬೇಕು. ಕಾರಿನ ಮೌಲ್ಯ ಅದರ ಮೂಲ ರೂಪದಲ್ಲಿದೆ.

ಕಾರ್ಬ್ಯುರೇಟರ್ ವಿಷಯದಲ್ಲಿ ಜೆಟ್ಟಿನ ತೂತಿನ ವಿಸ್ತೀರ್ಣವನ್ನು ಶೇ 8ರಿಂದ 9ರಷ್ಟು, ಅಂದರೆ ವ್ಯಾಸವನ್ನು ಸುಮಾರು ಶೇ 4ರಷ್ಟು ಹಿಗ್ಗಿಸಿದರೆ ಲೆಕ್ಕ ಸರಿಹೋಗುತ್ತದೆ. ಉದಾಹರಣೆಗೆ 1.20 ಮಿ.ಮೀ. ಜೆಟ್ ಇದ್ದಲ್ಲಿ 1.25 ಮಿ.ಮೀ. ಜೆಟ್. ಸೋಲೆಕ್ಸ್, ಜೆನಿತ್ ಮಾದರಿಗಳಲ್ಲಿ ಜೆಟ್ ಬದಲಿಸುವುದು ಸುಲಭ. ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಸೂಜಿಯನ್ನು ಬದಲಿಸಬೇಕು ಅಥವಾ ಜೆಟ್ಟನ್ನು ಕೆಳಗಿಳಿಸಬೇಕು. ನಂತರ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಖಚಿತಪಡಿಸಿಕೊಳ್ಳಬೇಕು. ಬೂದಿಯಂತೆ ಬಿಳಿಯಾಗಿದ್ದರೆ ಮಿಶ್ರಣ ಇನ್ನೂ ತೆಳು. ತಿಳಿ ಕಂದು ಬಣ್ಣವಿದ್ದರೆ ಸರಿ.

ವೇಪರ್ ಲಾಕ್‌ಗೆ, ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸುವುದು, ಕಾರ್ಬ್ಯುರೇಟರ್ ಕೆಳಗೆ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್ ಹಾಕುವುದು, ಟ್ಯಾಂಕಿನ ಬಳಿ ಸಣ್ಣ ವಿದ್ಯುತ್ ಪಂಪು ಕೂಡಿಸುವುದು ಉಪಯುಕ್ತ. ಪಂಪು ಕೊಳ್ಳುವಾಗ ಕಾರಿನ ಬ್ಯಾಟರಿ 6 ವೋಲ್ಟೋ 12 ವೋಲ್ಟೋ ಎಂದು ನೋಡುವುದನ್ನು ಮರೆಯಬಾರದು. ದಾರಿಯಲ್ಲಿ ಕೈಕೊಟ್ಟರೆ ಹಳೆಯ ಚಾಲಕರ ಉಪಾಯವೇ ಸಾಕು: ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಪಂಪಿನ ಮೇಲೆ ಹಸಿ ಬಟ್ಟೆ ಹಾಕಿ ಅರ್ಧ ಗಂಟೆ ಕಾಯುವುದು.

ಬಂಕ್‌ನ ಪೆಟ್ರೋಲಿನಲ್ಲಿ ಎಷ್ಟು ಎಥೆನಾಲ್ ಇದೆ ಎಂದು ತಿಳಿಯಲು ಸರಳ ಪರೀಕ್ಷೆಯಿದೆ. ಅಳತೆಯ ಗಾಜಿನ ಕೊಳವೆಯಲ್ಲಿ 10 ಮಿ.ಲೀ. ನೀರಿಗೆ 90 ಮಿ.ಲೀ. ಪೆಟ್ರೋಲ್ ಸೇರಿಸಿ, ಕುಲುಕಿ, ಸ್ವಲ್ಪ ಹೊತ್ತು ಬಿಡಬೇಕು. ಎಥೆನಾಲ್ ನೀರಿನೊಂದಿಗೆ ಸೇರಿ ತಳಕ್ಕೆ ಬರುತ್ತದೆ. ತಳದ ಪದರ 10 ಮಿ.ಲೀ. ಆಗಿಯೇ ಉಳಿದರೆ ಎಥೆನಾಲ್ ಇಲ್ಲ; 28 ಮಿ.ಲೀ. ಹತ್ತಿರ ಬಂದರೆ ಅದು ಶೇ 20ರ ಮಿಶ್ರಣ. ಈ ಪರೀಕ್ಷೆಯನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಇದೇ ಕ್ರಮದಿಂದ ಎಥೆನಾಲನ್ನು ಬೇರ್ಪಡಿಸಿ ಉಳಿದ ಪೆಟ್ರೋಲನ್ನು ಕಾರಿಗೆ ಹಾಕುವ ಪ್ರಯೋಗಕ್ಕೆ ಯಾರೂ ಕೈಹಾಕಬಾರದು. ಬೆಂಕಿಯ ಅಪಾಯವಿರುವುದಲ್ಲದೆ, ಉಳಿದ ಪೆಟ್ರೋಲಿನ ಆಕ್ಟೇನ್ ಮಟ್ಟವೂ ಕುಸಿದಿರುತ್ತದೆ.

ದೊಡ್ಡ ನಗರಗಳ ಕೆಲವು ಬಂಕ್‌ಗಳಲ್ಲಿ ದೊರೆಯುವ, ದುಬಾರಿಯಾದ 100 ಆಕ್ಟೇನ್ ಪೆಟ್ರೋಲನ್ನು ಹಲವರು ಬಳಸುತ್ತಿದ್ದಾರೆ. ಹಳೆಯ ಎಂಜಿನ್‌ಗೆ ಅಷ್ಟು ಆಕ್ಟೇನ್ ಅಗತ್ಯವಿಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನ ಕಂಪ್ರೆಷನ್ ಅನುಪಾತ ಸುಮಾರು 4 ಮಾತ್ರ. ಆ ಇಂಧನದ ಪ್ರಯೋಜನ ಇರುವುದು ಅದರಲ್ಲಿ ಎಥೆನಾಲ್ ಇಲ್ಲದಿದ್ದರೆ ಮಾತ್ರ. ಮೇಲಿನ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಂಡೇ ಹಣ ಕೊಡುವುದು ಒಳಿತು.

ಕೊಳವೆ, ಟ್ಯಾಂಕು, ಜೆಟ್, ವಾಲ್ವ್ ಸೀಟು, ಇವೆಲ್ಲ ಸಣ್ಣ ಕೈಗಾರಿಕೆಗೆ ಹೇಳಿ ಮಾಡಿಸಿದ ಕೆಲಸಗಳು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ವ್ಯಾಪಾರಿಗಳಿಗೂ, ಪೀಣ್ಯದ ಲೇತ್ ಘಟಕಗಳಿಗೂ ಇವು ಹೊರಗಿನವಲ್ಲ. ಕಾರ್ಬ್ಯುರೇಟರ್ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಕೆಲಸದಲ್ಲಿರುವಾಗಲೇ ಯುವಕರಿಗೆ ಈ ವಿದ್ಯೆ ದಾಟಬೇಕು.

ನಿಲ್ಲಿಸುವಾಗ, ಹೊರಡುವಾಗ

ಸಂಗ್ರಹಾಲಯದ ಕಾರಿಗೂ ಪ್ರವಾಸದ ಕಾರಿಗೂ ಪಾಲನೆಯ ಕ್ರಮ ಬೇರೆ. ವರ್ಷಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕು, ಪೈಪು ಮತ್ತು ಕಾರ್ಬ್ಯುರೇಟರ್‌ಗಳನ್ನು ಪೂರ್ತಿ ಬರಿದು ಮಾಡಿ ಒಣಗಿಸಬೇಕು. ತಿಂಗಳಿಗೊಮ್ಮೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಬೇಕು. ಬೆಂಕಿಯ ಭಯವೂ ಇದರಿಂದ ತಪ್ಪುತ್ತದೆ. ಆಗಾಗ ಓಡುವ ಕಾರನ್ನು ಮಳೆಗಾಲಕ್ಕೆ ನಿಲ್ಲಿಸುವಾಗ ಅರ್ಧ ಟ್ಯಾಂಕು ಇಡುವುದೇ ದೊಡ್ಡ ತಪ್ಪು. ಒಂದೋ ಬರಿದು ಮಾಡಬೇಕು, ಇಲ್ಲವೇ ಕಂಠಪೂರ್ತಿ ತುಂಬಿಸಿ, ತುಕ್ಕು ತಡೆಯುವ ದ್ರಾವಣ ಬೆರೆಸಿಡಬೇಕು. ಮಳೆಗಾಲ ಕಳೆದ ಮೇಲೆ ಹಳೆಯ ಇಂಧನವನ್ನು ತೆಗೆದುಹಾಕಿಯೇ ಹೊರಡಬೇಕು.

ಪ್ರವಾಸದ ಯೋಜನೆಗೆ ಬೆಂಗಳೂರು–ಮೈಸೂರು ಮಾರ್ಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 118 ಕಿ.ಮೀ.ಗಳ ಹೊಸ ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಕಾರು ತನಗೂ ಇತರರಿಗೂ ಅಪಾಯ. ಅದಕ್ಕೆ ತಕ್ಕುದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹಾದುಹೋಗುವ ಹಳೆಯ ದಾರಿ. ಬೈಪಾಸ್‌ಗಳು ಬಂದ ಮೇಲೆ ದಾರಿಹೋಕ ಗ್ರಾಹಕರನ್ನು ಕಳೆದುಕೊಂಡ ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೂ ಮದ್ದೂರಿನ ಹೋಟೆಲುಗಳಿಗೂ ಇಂತಹ ಪ್ರವಾಸಗಳು ಸಣ್ಣ ಪ್ರಮಾಣದಲ್ಲಿಯಾದರೂ ವ್ಯಾಪಾರವನ್ನು ಮರಳಿ ತರಬಲ್ಲವು. ನಲವತ್ತು ಕಿ.ಮೀ.ಗೊಂದು ನಿಲುಗಡೆ ಎಂಜಿನ್ ತಣಿಯಲೂ ಬೇಕು, ಪಟ್ಟಣಕ್ಕೂ ಲಾಭ. ಇಂಧನದ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಲೀಟರಿಗೆ 8 ಕಿ.ಮೀ. ಓಡುತ್ತಿದ್ದ, 40 ಲೀಟರ್ ಟ್ಯಾಂಕಿನ ಕಾರು ಹಿಂದೆ 320 ಕಿ.ಮೀ. ಹೋಗುತ್ತಿದ್ದರೆ ಈಗ 300ಕ್ಕೇ ನಿಲ್ಲಬಹುದು. ಧರ್ಮಸ್ಥಳದವರೆಗೆ ಹೋಗುವವರು ಘಾಟಿಯನ್ನು ಬೆಳಗಿನ ತಂಪಿನಲ್ಲಿಯೇ ದಾಟುವಂತೆ ಯೋಜಿಸಬೇಕು. ಪ್ರತಿ ಕಾರಿನಲ್ಲಿಯೂ ಬೆಂಕಿ ಆರಿಸುವ ಸಾಧನ, ಹೆಚ್ಚುವರಿ ಫಿಲ್ಟರ್ ಹಾಗೂ ಒಂದು ಮೀಟರ್ ಎಥೆನಾಲ್ ತಾಳುವ ಕೊಳವೆ ಇರಲೇಬೇಕು.

ಕಬ್ಬೂ ಬೇಕು, ಕಾರೂ ಬೇಕು

ಈ ಚರ್ಚೆಯಲ್ಲಿ ಎಥೆನಾಲನ್ನು ಶತ್ರುವೆಂದು ಕಾಣುವುದು ತಪ್ಪು. ‘ಪಯಣ’ ಸಂಗ್ರಹಾಲಯ ಇರುವುದೇ ಕಬ್ಬಿನ ನಾಡಾದ ಮಂಡ್ಯ ಜಿಲ್ಲೆಯಲ್ಲಿ. ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ ಮತ್ತು ಅಕ್ಕಿ ನುಚ್ಚಿನಿಂದ ತಯಾರಾಗುವ ಎಥೆನಾಲ್ ಸಕ್ಕರೆ ಕಾರ್ಖಾನೆಗಳಿಗೆ ಸಕ್ಕರೆಯಾಚೆಗೂ ಆದಾಯ ತಂದಿದೆ. ಬೆಳೆಗಾರರ ಬಾಕಿ ಸಂದಾಯಕ್ಕೆ ನೆರವಾಗಿದೆ. ಕಚ್ಚಾ ತೈಲದ ಆಮದನ್ನು ಸ್ವಲ್ಪಮಟ್ಟಿಗೆ ತಗ್ಗಿಸಿದೆ. ಕೆಲವು ಸಾವಿರ ಹಳೆಯ ಕಾರುಗಳಿಗಾಗಿ ಇಡೀ ಕಾರ್ಯಕ್ರಮವನ್ನು ಹಿಂದೆಗೆಯಬೇಕೆಂದು ಯಾರೂ ಕೇಳಲಾರರು.

ಕೇಳಬಹುದಾದುದು ಚಿಕ್ಕ ಅನುಕೂಲವೊಂದನ್ನು. ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಶೇ 10ರ ಮಿಶ್ರಣವನ್ನು ಸಾಮಾನ್ಯ ಪೆಟ್ರೋಲಾಗಿ ಜಾರಿಗೆ ತಂದಾಗ, ಅದನ್ನು ತಾಳದ ಹಳೆಯ ವಾಹನಗಳಿಗಾಗಿ ಶೇ 5ರ ಮಿತಿಯ ದುಬಾರಿ ದರ್ಜೆಯೊಂದನ್ನು ಉಳಿಸಿಕೊಂಡಿತು. ನಮ್ಮಲ್ಲಿಯೂ ಜಿಲ್ಲೆಗೊಂದು ಬಂಕ್‌ನಲ್ಲಿ, ಅಥವಾ ಪ್ರವಾಸ ಮಾರ್ಗಗಳ ಆಯ್ದ ಬಂಕ್‌ಗಳಲ್ಲಿ, ಎಥೆನಾಲ್ ಇಲ್ಲದ ಪೆಟ್ರೋಲನ್ನು ಅದರ ಪೂರ್ಣ ಬೆಲೆಗೆ ಒದಗಿಸಿದರೆ ಕಾರ್ಯಕ್ರಮದ ಗುರಿಗೆ ಧಕ್ಕೆಯಾಗದು. ಪ್ರತಿ ಬಂಕ್‌ನಲ್ಲಿ ಮಿಶ್ರಣದ ಪ್ರಮಾಣವನ್ನು ಸ್ಪಷ್ಟವಾಗಿ ಬರೆದು ಹಾಕುವುದಕ್ಕಂತೂ ಹೆಚ್ಚಿನ ಖರ್ಚೇ ಇಲ್ಲ. ವಾಹನ ಸಂಘಗಳು, ಬಂಕ್ ಮಾಲೀಕರು, ಹೋಟೆಲ್ ಉದ್ಯಮಿಗಳು ಮತ್ತು ವಾಣಿಜ್ಯ ಸಂಸ್ಥೆಗಳು ಕೂಡಿ ಇಷ್ಟನ್ನು ಸರ್ಕಾರದ ಮುಂದಿಡಬಹುದು.

ಅಲ್ಲಿಯವರೆಗೆ ಮಾಲೀಕರು ಕೈಕಟ್ಟಿ ಕುಳಿತುಕೊಳ್ಳಬೇಕಿಲ್ಲ. ಕೊಳವೆ ಬದಲಿಸಿ, ಜೆಟ್ ಹೊಂದಿಸಿ, ಟ್ಯಾಂಕನ್ನು ಒಣಗಿಸಿ ಇಟ್ಟುಕೊಂಡ ಕಾರು ಇಂದಿನ ಪೆಟ್ರೋಲಿನಲ್ಲಿಯೂ ಓಡುತ್ತದೆ. ಗಾಜಿನ ಹಿಂದೆ ನಿಂತ ಕಾರನ್ನು ಒಂದು ಊರು ನೋಡುತ್ತದೆ. ರಸ್ತೆಗಿಳಿದ ಕಾರನ್ನು ದಾರಿಯ ಊರುಗಳೆಲ್ಲ ನೋಡುತ್ತವೆ, ಮತ್ತು ಅಷ್ಟೂ ಊರುಗಳಲ್ಲಿ ಒಂದಿಷ್ಟು ವ್ಯಾಪಾರ ನಡೆಯುತ್ತದೆ.